ಚೀನಾ ಪಾಠದಲ್ಲಿ ತಪ್ಪು ಹೆಸರಿನಿಂದಲೇ ಶುರು

ಮಾನ್ಯ ಸಂಪಾದಕರೇ,

‘ಅಧ್ಯಕ್ಷ ಜಿನ್‌ಪಿಂಗ್ ಹೇಳಿದ್ದಾರೆ’ ಎಂಬ ಸಾಲು ಕನ್ನಡದ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ, ನಿಮ್ಮ ಪತ್ರಿಕೆಯಲ್ಲೂ. ಚೀನೀ ಹೆಸರಿನಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ಶಿ ಎಂಬುದು ಮನೆತನ, ಜಿನ್‌ಪಿಂಗ್ ಎಂಬುದು ಇಟ್ಟ ಹೆಸರು. ಚುಟುಕಾಗಿ ಬರೆಯುವುದಾದರೆ ‘ಶಿ’ ಎನ್ನಬೇಕು. ಹಿಂದಿನ ನಾಯಕರನ್ನು ಮಾವೊ, ಡೆಂಗ್ ಎಂದು ಸರಿಯಾಗಿಯೇ ಬರೆದುಕೊಂಡು ಬಂದ ನಾವು ಈಗಿನವರ ಹತ್ತಿರ ಎಡವುತ್ತಿದ್ದೇವೆ. ಒಂದೇ ಅಕ್ಷರದ ಹೆಸರು ಶೀರ್ಷಿಕೆಯಲ್ಲಿ ಒಂಟಿಯಾಗಿ ಕಾಣುತ್ತದೆ ಎಂಬ ಅಳುಕು ಇದ್ದೀತು. ಪತ್ರಿಕೆಯಲ್ಲಿ ಇದು ಸಣ್ಣ ತಪ್ಪು. ಪದವಿ ತರಗತಿಯಲ್ಲಿ ಆಧುನಿಕ ಚೀನಾ ಓದುವ ವಿದ್ಯಾರ್ಥಿಗೆ ಸಣ್ಣದಲ್ಲ, ಏಕೆಂದರೆ ಅವರು ಚೀನಾವನ್ನು ಚೀನಾದಿಂದ ಓದುತ್ತಿಲ್ಲ, ಇಂಗ್ಲಿಷ್ ಪಠ್ಯದ ಕನ್ನಡ ನೋಟ್ಸಿನಿಂದ ಓದುತ್ತಿದ್ದಾರೆ. ಹೆಸರು, ಅಳತೆ, ಹುದ್ದೆ, ದಾಖಲೆ ಹೀಗೆ ಎರಡು ಕೈ ದಾಟಿ ಬಂದದ್ದರಲ್ಲಿ ಏನೇನು ಕೆಟ್ಟಿದೆ, ಅದನ್ನು ತರಗತಿಯಲ್ಲೇ ಹೇಗೆ ಸರಿಪಡಿಸಬಹುದು ಎಂದು ಹೇಳಲು ಈ ಪತ್ರ. ಉದ್ದವಾಗಿದೆ. ಕತ್ತರಿಸುವುದಾದರೆ ಮಾತನ್ನು ಕತ್ತರಿಸಿ, ಅಂಕಿಗಳನ್ನು ಉಳಿಸಿ.

ಮೊದಲು ಉಚ್ಚಾರ. ಚೀನಾ ಸರ್ಕಾರ 1958ರಲ್ಲಿ ಅಂಗೀಕರಿಸಿದ, ಚೀನೀ ಮಾತನ್ನು ರೋಮನ್ ಲಿಪಿಯಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿ ಆ ಅಕ್ಷರಗಳನ್ನು ತನ್ನದೇ ಅರ್ಥದಲ್ಲಿ ಬಳಸುತ್ತದೆ. ಅಲ್ಲಿ ‘ಬಿ’ ಮತ್ತು ‘ಪಿ’ಗೆ ಇರುವ ವ್ಯತ್ಯಾಸ ನಮ್ಮ ಬ-ಪ ವ್ಯತ್ಯಾಸವಲ್ಲ, ಅಲ್ಪಪ್ರಾಣ-ಮಹಾಪ್ರಾಣದ ವ್ಯತ್ಯಾಸ. ‘ಬಿ’ ಎಂದು ಬರೆದಲ್ಲಿ ನಮ್ಮ ಪ, ‘ಪಿ’ ಎಂದು ಬರೆದಲ್ಲಿ ಅದರ ಮಹಾಪ್ರಾಣ. ‘ಡಿ’ ಕಂಡಲ್ಲಿ ತ, ‘ಟಿ’ ಕಂಡಲ್ಲಿ ಥ. ‘ಜಿ’ ಕಂಡಲ್ಲಿ ಕ, ‘ಕೆ’ ಕಂಡಲ್ಲಿ ಖ. ‘ಜೆ’ಗೆ ಚ, ‘ಕ್ಯೂ’ಗೆ ಛ. ಹಾಗಾಗಿ ಕೊನೆಯ ರಾಜವಂಶ ‘ಕ್ವಿಂಗ್’ ಅಲ್ಲ, ಛಿಂಗ್. ಇಂಗ್ಲಿಷ್ ಮಾತ್ರ ಬಲ್ಲವನಿಗೆ ಇದನ್ನು ಕಲಿಸಲು ಬಾಯಿ ಮುಂದೆ ಕಾಗದ ಹಿಡಿದು ಊದಿಸಬೇಕು. ಒಂದನೇ ತರಗತಿಯಲ್ಲಿ ಕಾಗುಣಿತ ಬರೆದವನಿಗೆ ಹತ್ತು ನಿಮಿಷ ಸಾಕು. (ಮಾತಿನಲ್ಲಿ ಮಹಾಪ್ರಾಣ ನುಂಗುವ ನಮ್ಮ ಅಭ್ಯಾಸ ಬೇರೆ ವಿಷಯ.) ಫ ಒಂದರ ಹತ್ತಿರ ಎಚ್ಚರ ಬೇಕು: ಚೀನೀ ಭಾಷೆಯಲ್ಲಿ ಪ-ಕಾರದ ಮಹಾಪ್ರಾಣವೂ ಇದೆ, ‘ಫ್ಯಾನ್’ ಎನ್ನುವಾಗಿನ ಫ಼ ಕೂಡ ಇದೆ, ಎರಡೂ ಬೇರೆ ಬೇರೆ.

ಇನ್ನೂ ಒಂದು ಅನುಕೂಲ ನಮಗುಂಟು. ಪಿನ್‌ಯಿನ್‌ನ ‘ಎಕ್ಸ್’ ತಾಲವ್ಯ, ‘ಎಸ್‌ಎಚ್’ ಮೂರ್ಧನ್ಯ. ಅಂದರೆ ಮೊದಲನೆಯದು ಶ, ಎರಡನೆಯದು ಷ. ಇಂಗ್ಲಿಷಿಗೆ ಇಲ್ಲದ ಈ ಭೇದ ನಮ್ಮ ವರ್ಣಮಾಲೆಯಲ್ಲೇ ಕೂತಿದೆ. ಹಾಗಿದ್ದೂ ಪತ್ರಿಕೆಗಳಲ್ಲಿ ‘ಷಿ ಜಿನ್‌ಪಿಂಗ್’ ಎಂದು ಮೂರ್ಧನ್ಯ ಬರೆಯುತ್ತಾರೆ. ಅದು ಬೇರೆಯೇ ಮನೆತನದ ಹೆಸರಾಗುತ್ತದೆ. ಬೀಜಿಂಗ್, ಡೆಂಗ್ ಮುಂತಾದವು ರೂಢಿಗೆ ಬಂದುಬಿಟ್ಟಿವೆ, ಅವನ್ನು ಈಗ ಕದಲಿಸುವುದು ಬೇಡ. ಆದರೆ ಹಳೆಯ ಕನ್ನಡ ಬರಹಗಳ ‘ಮಾವೊ ತ್ಸೆ ತುಂಗ್’ ಎಂಬುದು ಈಗಿನ ‘ಝೆಡಾಂಗ್’ಗಿಂತ ಮೂಲ ಉಚ್ಚಾರಕ್ಕೆ ಹತ್ತಿರ ಎಂಬುದು ತಿಳಿದಿರಲಿ. ಹೊಸದೆಲ್ಲ ಸುಧಾರಣೆಯಾಗಿರಬೇಕಿಲ್ಲ.

ಬೇರೆ ಬೇರೆ ಲಿಪ್ಯಂತರ ಪದ್ಧತಿಗಳು, ಒಬ್ಬರದೇ ಬೇರೆ ಬೇರೆ ಹೆಸರುಗಳು ಬೆರೆತಾಗ ಆಗುವ ಅನಾಹುತ ಉತ್ತರ ಪತ್ರಿಕೆಗಳಲ್ಲಿ ಕಾಣುತ್ತದೆ. ಚಿಯಾಂಗ್ ಕೈ-ಶೇಕ್ ಮತ್ತು ಜಿಯಾಂಗ್ ಜಿಯೇಷಿ ಒಬ್ಬರೇ. ಸನ್ ಯಾತ್-ಸೆನ್ ಮತ್ತು ಸುನ್ ಜೋಂಗ್‌ಷಾನ್ ಒಬ್ಬರೇ. ಕ್ಯಾಂಟನ್ ಮತ್ತು ಗುವಾಂಗ್‌ಜೌ ಒಂದೇ ಊರು. ಇವನ್ನು ಇಬ್ಬರು, ಎರಡು ಎಂದು ಬರೆದವರಿಗೆ ಅಂಕ ಕಳೆಯುವ ಮೊದಲು, ನೋಟ್ಸಿನಲ್ಲಿ ಎರಡೂ ರೂಪ ಯಾಕೆ ಬಂತು ಎಂದು ಒಮ್ಮೆ ಹೇಳಿಕೊಟ್ಟಿದ್ದೇವೆಯೇ? ಇದರ ತಿರುವುಮುರುವೂ ಇದೆ: ಷಾನ್‌ಶಿ ಎಂಬ ಹೆಸರಿನ ಪ್ರಾಂತ್ಯಗಳು ಅಕ್ಕಪಕ್ಕದಲ್ಲೇ ಎರಡಿವೆ, ಸ್ವರದ ಏರಿಳಿತ ಮಾತ್ರ ಬೇರೆ. ಒಂದರ ರಾಜಧಾನಿ ತೈಯುವಾನ್, ಇನ್ನೊಂದರದು ಶಿಯಾನ್. 1934–35ರಲ್ಲಿ ಕಮ್ಯುನಿಸ್ಟ್ ಸೇನೆಯ ದೀರ್ಘ ನಡಿಗೆ (ಲಾಂಗ್ ಮಾರ್ಚ್) ಮುಗಿದದ್ದು, ಕಮ್ಯುನಿಸ್ಟರ ನೆಲೆ ಯೆನಾನ್ ಇದ್ದದ್ದು ಎರಡನೆಯದರಲ್ಲಿ. ಕನ್ನಡದಲ್ಲಿ ಬರೆಯುವಾಗ ‘ಶಿಯಾನ್ ರಾಜಧಾನಿಯಾಗಿರುವ ಷಾನ್‌ಶಿ’ ಎಂದು ಜೊತೆಗೆ ಬರೆದರೆ ನಕ್ಷೆಯಲ್ಲಿ ತಪ್ಪು ಕಡೆ ಬೆರಳು ಹೋಗದು.

ಚೀನೀಯರು ಘಟನೆಗಳಿಗೆ ಹೆಸರಿಡುವ ಕ್ರಮವನ್ನೂ ಮೊದಲ ವಾರದಲ್ಲೇ ಹೇಳಬೇಕು. 20ನೇ ಶತಮಾನದ ಬಹಳ ಘಟನೆಗಳಿಗೆ ತಿಂಗಳು-ದಿನವೇ ಹೆಸರು: ‘ಐದು-ನಾಲ್ಕು’ ಎಂದರೆ 1919ರ ಮೇ 4ರ ಚಳವಳಿ, ‘ಏಳು-ಏಳು’ ಎಂದರೆ 1937ರ ಜುಲೈ 7ರಂದು ಜಪಾನ್ ಜೊತೆ ಪೂರ್ಣ ಯುದ್ಧ ಹೊತ್ತಿಕೊಂಡದ್ದು, ‘ಆರು-ನಾಲ್ಕು’ ಎಂದರೆ 1989ರ ಜೂನ್ 4ರ ಟಿಯಾನನ್‌ಮೆನ್ ದಮನ. ಅದಕ್ಕೂ ಹಿಂದಿನವಕ್ಕೆ ಅರುವತ್ತು ವರ್ಷದ ಚಕ್ರದ ಹೆಸರು: 1894ರ ಜಪಾನ್ ಯುದ್ಧ ‘ಜಿಯಾವು’, 1898ರ ನೂರು ದಿನಗಳ ಸುಧಾರಣೆ ‘ವುಶು’, 1911ರ ಕ್ರಾಂತಿ ‘ಶಿನ್‌ಹಾಯ್’. ಇಂಗ್ಲಿಷ್ ಪಠ್ಯಕ್ಕೆ ಇದನ್ನು ವಿವರಿಸಲು ಅರ್ಧ ಪುಟ ಬೇಕು. ಪ್ರಭವ-ವಿಭವ ಬಲ್ಲವರ ಮನೆಯ ಮಕ್ಕಳಿಗೆ ‘ಅವರಿಗೂ ಷಷ್ಟಿ ಸಂವತ್ಸರ ಉಂಟು, ಅವರ ಚಕ್ರ ನಮ್ಮದಕ್ಕಿಂತ ಮೂರು ವರ್ಷ ಮೊದಲು ಶುರುವಾಗುತ್ತದೆ’ ಎಂದರೆ ಮುಗಿಯಿತು. ಶಿನ್‌ಹಾಯ್ ಕ್ರಾಂತಿ ನಡೆದಾಗ ನಮ್ಮ ಪಂಚಾಂಗದಲ್ಲಿ ವಿರೋಧಿಕೃತು ಸಂವತ್ಸರ. ಅದು ಕಾಕತಾಳೀಯ; ಆದರೆ ಮರೆತುಹೋಗದ ಕಾಕತಾಳೀಯ.

ಈಗ ಅಳತೆ ಮತ್ತು ಅಂಕಿ. ಹೆಚ್ಚು ನಷ್ಟವಾಗುತ್ತಿರುವುದು ಇಲ್ಲಿ. ಚೀನೀಯರು ಎಣಿಸುವುದು ಹತ್ತು ಸಾವಿರದ (ವಾನ್) ಮತ್ತು ಹತ್ತು ಕೋಟಿಯ (ಯಿ) ಲೆಕ್ಕದಲ್ಲಿ. ಅದನ್ನು ಮಿಲಿಯನ್-ಬಿಲಿಯನ್‌ಗೆ ಇಳಿಸಿ, ಅಲ್ಲಿಂದ ಮತ್ತೆ ಲಕ್ಷ-ಕೋಟಿಗೆ ತರುವಾಗ ಸೊನ್ನೆ ಜಾರುತ್ತದೆ. ನೇರವಾಗಿ ತನ್ನಿ: ಒಂದು ಯಿ ಎಂದರೆ ಹತ್ತು ಕೋಟಿ, ಒಂದು ವಾನ್-ಯಿ ಎಂದರೆ ಒಂದು ಲಕ್ಷ ಕೋಟಿ. ಧಾನ್ಯದ ತೂಕ ಜಿನ್. ಒಂದು ಜಿನ್ ಎಂದರೆ ಅರ್ಧ ಕೆ.ಜಿ. ದೂರದ ಲಿ ಎಂದರೆ ಅರ್ಧ ಕಿ.ಮೀ. ಭೂಮಿಯ ಅಳತೆ ಮು. ಒಂದು ಹೆಕ್ಟೇರಿಗೆ 15 ಮು, ಅಂದರೆ ಒಂದು ಮು ಸುಮಾರು ಆರೂವರೆ ಗುಂಟೆ, ಒಂದು ಎಕರೆಗೆ ಆರು ಮುಗಿಂತ ತುಸು ಹೆಚ್ಚು.

ಈ ಲೆಕ್ಕ ಗೊತ್ತಿದ್ದರೆ ಉತ್ಪಾದನೆಯನ್ನು ಒಮ್ಮೆಲೇ ಏರಿಸಲು ಮಾವೊ ಹೂಡಿದ 1958ರ ‘ಮಹಾ ಜಿಗಿತ’ದ ಅಭಿಯಾನವನ್ನು ರೈತನ ಮಗಳೊಬ್ಬಳು ಪಠ್ಯಪುಸ್ತಕದ ಸಹಾಯವಿಲ್ಲದೆಯೇ ಬಿಡಿಸಬಲ್ಲಳು. ಆ ವರ್ಷದ ಘೋಷಣೆ ‘ಮುಗೆ ಹತ್ತು ಸಾವಿರ ಜಿನ್’. ಕರಿಹಲಗೆಯ ಮೇಲೆ ಲೆಕ್ಕ ಹಾಕಿ: ಹತ್ತು ಸಾವಿರ ಜಿನ್ ಎಂದರೆ 5,000 ಕೆ.ಜಿ.; ಅದು ಆರೂವರೆ ಗುಂಟೆಯಲ್ಲಿ. ಎಕರೆಗೆ ಸುಮಾರು 300 ಕ್ವಿಂಟಲ್. ಗಂಗಾವತಿ, ಸಿಂಧನೂರಿನ ಕಾಲುವೆ ನೀರಿನ ಗದ್ದೆಯ ಇಳುವರಿ ಬಲ್ಲವರು ಅಲ್ಲಿಗೇ ನಕ್ಕುಬಿಡುತ್ತಾರೆ. ಗುವಾಂಗ್‌ಶಿಯ ಹುವಾನ್‌ಜಿಯಾಂಗ್ ಎಂಬ ಕೌಂಟಿ (ನಮ್ಮ ತಾಲ್ಲೂಕಿನಂಥದು) ಆ ಸೆಪ್ಟೆಂಬರಿನಲ್ಲಿ ಮುಗೆ 1 ಲಕ್ಷ 30 ಸಾವಿರ ಜಿನ್ ಭತ್ತ ಬೆಳೆದೆವೆಂದು ಘೋಷಿಸಿತು. ಆರೂವರೆ ಗುಂಟೆಗೆ 65 ಟನ್! ಬೇರೆ ಗದ್ದೆಗಳಲ್ಲಿ ತೆನೆ ಬಲಿತ ಪೈರನ್ನು ಕಿತ್ತು ತಂದು ಒಂದೇ ಗದ್ದೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಫಲ ಅದು.

ನಕ್ಕು ಮುಗಿಸಿದರೆ ಪಾಠ ಮುಗಿಯಲಿಲ್ಲ. ಸುಳ್ಳು ಇಳುವರಿ ಕಾಗದದಲ್ಲಿ ಉಳಿಯಲಿಲ್ಲ, ಲೆವಿಯಾಗಿ (ಸರ್ಕಾರದ ಕಡ್ಡಾಯ ಧಾನ್ಯ ವಸೂಲಿಯಾಗಿ) ತಿರುಗಿ ಬಂತು. 1958ರ ಕೊನೆಗೆ ದೇಶದ ಧಾನ್ಯ ಉತ್ಪಾದನೆ 37.5 ಕೋಟಿ ಟನ್ ಎಂದು ಸಾರಿದರು. 1959ರ ಆಗಸ್ಟಿನಲ್ಲಿ ಅದನ್ನು 25 ಕೋಟಿಗೆ ಇಳಿಸಿದರು. ಆಮೇಲಿನ ಅಧಿಕೃತ ಅಂಕಿ 20 ಕೋಟಿ. 1959ರಲ್ಲಿ ಬೆಳೆದದ್ದು ಸುಮಾರು 17 ಕೋಟಿ ಟನ್, ಸರ್ಕಾರ ಎತ್ತಿದ್ದು ಅದರ ಐದರಲ್ಲಿ ಎರಡು ಪಾಲು. ಅದೇ ವರ್ಷ 40 ಲಕ್ಷ ಟನ್‌ಗೂ ಹೆಚ್ಚು ಧಾನ್ಯ ರಫ್ತಾಯಿತು. 1960ರಲ್ಲಿ ಬೆಳೆ 14.35 ಕೋಟಿ ಟನ್‌ಗೆ ಕುಸಿಯಿತು. ‘ಬರಗಾಲದಿಂದ ಕ್ಷಾಮ’ ಎಂದು ಒಂದು ಸಾಲಿನಲ್ಲಿ ಮುಗಿಸುವ ನೋಟ್ಸು ಈ ಸರಪಳಿಯ ನಡುವಿನ ಕೊಂಡಿಯನ್ನೇ ನುಂಗಿಬಿಡುತ್ತದೆ: ಸುಳ್ಳು ವರದಿ, ಅದರ ಮೇಲೆ ಲೆವಿ, ಖಾಲಿ ಕಣಜ.

1959–61ರ ಆ ಕ್ಷಾಮದಲ್ಲಿ ಸತ್ತವರೆಷ್ಟು? ಒಂದು ಪುಸ್ತಕದಲ್ಲಿ ಒಂದೂವರೆ ಕೋಟಿ, ಇನ್ನೊಂದರಲ್ಲಿ ಮೂರು, ಮತ್ತೊಂದರಲ್ಲಿ ನಾಲ್ಕೂವರೆ. ವಿದ್ಯಾರ್ಥಿಗಳು ಮಧ್ಯದ್ದನ್ನು ಆರಿಸಿಕೊಂಡು ಸುಮ್ಮನಾಗುತ್ತಾರೆ. ಹಾಗೆ ಮಾಡಬಾರದು, ಅಂಕಿ ಹುಟ್ಟುವ ಬಗೆಯನ್ನು ಕಲಿಸಬೇಕು. ಚೀನಾ ಪ್ರಕಟಿಸಿದ ಮರಣ ಪ್ರಮಾಣ ಸಾವಿರಕ್ಕೆ 1957ರಲ್ಲಿ 10.8, 1959ರಲ್ಲಿ 14.6, 1960ರಲ್ಲಿ 25.4, 1961ರಲ್ಲಿ 14.2. ಜನಸಂಖ್ಯೆ ಸುಮಾರು 66–67 ಕೋಟಿ. 1957ನ್ನು ಸಾಮಾನ್ಯ ವರ್ಷ ಎಂದಿಟ್ಟುಕೊಂಡು ಮಿಕ್ಕ ವರ್ಷಗಳ ಹೆಚ್ಚಳವನ್ನು ಗುಣಿಸಿದರೆ 1959ಕ್ಕೆ 25 ಲಕ್ಷ, 1960ಕ್ಕೆ 97 ಲಕ್ಷ, 1961ಕ್ಕೆ 23 ಲಕ್ಷ. ಒಟ್ಟು ಒಂದೂವರೆ ಕೋಟಿಯ ಹತ್ತಿರ. ಕೆಳಗಿನ ಅಂದಾಜು ಬರುವುದು ಹೀಗೆ. ಆದರೆ ಹಸಿವಿನ ಹಳ್ಳಿಯಲ್ಲಿ ಸಾವನ್ನು ನೋಂದಾಯಿಸುವವರು ಯಾರು? 1957ರಲ್ಲೂ ಎಲ್ಲ ಸಾವುಗಳು ದಾಖಲಾಗಿದ್ದವೇ? ಈ ಕೊರತೆಗೆ ಎಷ್ಟು ತಿದ್ದುಪಡಿ ಹಾಕುತ್ತೀರಿ, ಯಾವ ವರ್ಷವನ್ನು ‘ಸಾಮಾನ್ಯ’ ಎನ್ನುತ್ತೀರಿ, 1958ನ್ನೂ ಸೇರಿಸುತ್ತೀರಾ ಎಂಬುದರ ಮೇಲೆ ಅಂಕಿ ಮೇಲೇರುತ್ತದೆ. ಹುಟ್ಟದೇ ಹೋದ ಮಕ್ಕಳನ್ನು ಸತ್ತವರ ಜೊತೆ ಕೂಡಿಸುವ ತಪ್ಪನ್ನೂ ಕೆಲವರು ಮಾಡುತ್ತಾರೆ. ಒಂದು ತರಗತಿ, ಒಂದು ಕ್ಯಾಲ್ಕುಲೇಟರ್. ಇಷ್ಟು ಮಾಡಿದ ವಿದ್ಯಾರ್ಥಿ ಆಮೇಲೆ ಯಾವ ವಾಟ್ಸ್‌ಆ್ಯಪ್ ಅಂಕಿಯನ್ನೂ ಹಾಗೇ ನುಂಗುವುದಿಲ್ಲ.

ಇನ್ನು ರಾಜಕೀಯ ವ್ಯವಸ್ಥೆ. ‘ಚೀನಾದ ರಾಷ್ಟ್ರಾಧ್ಯಕ್ಷರ ಅಧಿಕಾರಗಳನ್ನು ವಿವರಿಸಿ’ — ರಾಜ್ಯಶಾಸ್ತ್ರದ ಪ್ರಶ್ನೆ ಪತ್ರಿಕೆಗಳಲ್ಲಿ ಸವೆದುಹೋದ ಪ್ರಶ್ನೆ. ಸಂವಿಧಾನದ ಕಲಮುಗಳನ್ನು ಬಾಯಿಪಾಠ ಮಾಡಿದವರಿಗೆ ಪೂರ್ತಿ ಅಂಕ. ಆದರೆ ಆ ಹುದ್ದೆ ಹೆಚ್ಚೂಕಡಿಮೆ ಆಲಂಕಾರಿಕ. ಶಿ ಜಿನ್‌ಪಿಂಗ್ ಅವರ ಕೈಯಲ್ಲಿ ಮೂರು ಹುದ್ದೆಗಳಿವೆ: ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ, ಕೇಂದ್ರ ಸೇನಾ ಆಯೋಗದ ಅಧ್ಯಕ್ಷ, ರಾಷ್ಟ್ರಾಧ್ಯಕ್ಷ. ಬಲ ಇರುವುದು ಇದೇ ಕ್ರಮದಲ್ಲಿ ಮೊದಲೆರಡಕ್ಕೆ. 2018ರ ಮಾರ್ಚ್‌ನಲ್ಲಿ ಸಂವಿಧಾನದಿಂದ ‘ಎರಡೇ ಅವಧಿ’ ಎಂಬ ಮಿತಿ ತೆಗೆದದ್ದು ಮೂರನೆಯದಕ್ಕೆ ಮಾತ್ರ. ಮೊದಲೆರಡಕ್ಕೆ ಅಂಥ ಸಂವಿಧಾನಾತ್ಮಕ ಮಿತಿ ಇರಲೇ ಇಲ್ಲ. ಶಾಸನಸಭೆಯಲ್ಲಿ ಆ ತಿದ್ದುಪಡಿಯ ಪರ 2,958 ಮತ, ವಿರುದ್ಧ 2. ಮತಗಣನೆಯೇ ಆ ಸಭೆ ಎಂಥದ್ದೆಂದು ಹೇಳುತ್ತದೆ.

ಡೆಂಗ್ ಶಿಯಾವೊಪಿಂಗ್ ಉದಾಹರಣೆ ಇನ್ನೂ ಚೊಕ್ಕ. ಅವರು ರಾಷ್ಟ್ರಾಧ್ಯಕ್ಷರಾಗಿರಲಿಲ್ಲ, ಪ್ರಧಾನಿಯಾಗಿರಲಿಲ್ಲ, 1978ರ ನಂತರ ಪಕ್ಷದ ಅತ್ಯುನ್ನತ ಹುದ್ದೆಯಲ್ಲೂ ಕೂತವರಲ್ಲ. 1981ರಿಂದ 1989ರವರೆಗೆ ಸೇನಾ ಆಯೋಗದ ಅಧ್ಯಕ್ಷತೆ ಅವರ ಕೈಯಲ್ಲಿತ್ತು. 1992ರ ಜನವರಿ-ಫೆಬ್ರುವರಿಯಲ್ಲಿ ದಕ್ಷಿಣ ಪ್ರವಾಸ ಹೊರಟು ಆರ್ಥಿಕ ಸುಧಾರಣೆಯ ದಿಕ್ಕನ್ನೇ ಮತ್ತೆ ಕಟ್ಟಿದಾಗ ಅವರಿಗೆ ಯಾವ ಹುದ್ದೆಯೂ ಇರಲಿಲ್ಲ. ಹುದ್ದೆಗಳ ಪಟ್ಟಿ ಮಾತ್ರ ಓದಿದವರಿಗೆ ಇದು ಅರ್ಥವಾಗದ ಒಗಟು.

ಯಂತ್ರ ಹೇಗೆ ಕೂತಿದೆ ಎಂದು ತೋರಿಸಲು ಒಂದು ಜಿಲ್ಲಾ ಕಚೇರಿಯನ್ನು ಕಲ್ಪಿಸಿಕೊಳ್ಳಲು ಹೇಳಿ: ಜಿಲ್ಲಾಧಿಕಾರಿ ಕೂತಿದ್ದಾರೆ, ಪಕ್ಕದ ಕೋಣೆಯಲ್ಲಿ ಆಡಳಿತ ಪಕ್ಷದ ಜಿಲ್ಲಾ ಕಾರ್ಯದರ್ಶಿ ಕೂತಿದ್ದಾರೆ, ಕಡತಕ್ಕೆ ಕೊನೆಯ ಮಾತು ಆ ಕಾರ್ಯದರ್ಶಿಯದು. ಪ್ರಾಂತ್ಯ, ನಗರ, ಕೌಂಟಿ, ಪಟ್ಟಣ, ಎಲ್ಲ ಹಂತದಲ್ಲೂ ಇದೇ ಜೋಡಿ. ಪ್ರಾಂತ್ಯದಲ್ಲಿ ಅಧಿಕಾರದ ಸಾಲಿನಲ್ಲಿ ಪಕ್ಷದ ಕಾರ್ಯದರ್ಶಿ ಮೊದಲು, ಗವರ್ನರ್ ಆಮೇಲೆ. ಕೆಲವೆಡೆ ಜೋಡಿಯೂ ಇಲ್ಲ. ‘ಒಂದು ಸಂಸ್ಥೆ, ಎರಡು ಬೋರ್ಡು’ ಎಂಬುದು ಅಲ್ಲಿಯದೇ ಮಾತು. ಸೇನಾ ಆಯೋಗ ಪಕ್ಷದ್ದೂ ಹೌದು, ಸರ್ಕಾರದ್ದೂ ಹೌದು. ಒಳಗೆ ಕೂತವರು ಅವರೇ. ಅಧಿಕಾರಿಗಳ ನೇಮಕ, ವರ್ಗ, ಬಡ್ತಿ ಪಕ್ಷದ ಸಂಘಟನಾ ವಿಭಾಗದ ಕೈಯಲ್ಲಿ.

ಇಲ್ಲಿ ಕನ್ನಡದ ಎರಡು ಪದಗಳು ದಾರಿ ತಪ್ಪಿಸುತ್ತವೆ. ಒಂದು ‘ಕಾಂಗ್ರೆಸ್’. ಐದು ವರ್ಷಕ್ಕೊಮ್ಮೆ ಸೇರುವುದು ಪಕ್ಷದ ಮಹಾಧಿವೇಶನ. 2022ರ ಅಕ್ಟೋಬರಿನದು 20ನೆಯದು, ಅದು 205 ಜನರ ಕೇಂದ್ರ ಸಮಿತಿಯನ್ನು ಆರಿಸಿತು, ಅದರ ಮೇಲೆ 24 ಜನರ ಪಾಲಿಟ್‌ಬ್ಯೂರೊ, ಅದರ ಮೇಲೆ 7 ಜನರ ಸ್ಥಾಯಿ ಸಮಿತಿ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಸೇರುವ ಸುಮಾರು 3,000 ಪ್ರತಿನಿಧಿಗಳ ಸಭೆ ಬೇರೆ, ಅದು ಶಾಸನಸಭೆ. ಎರಡನ್ನೂ ‘ಕಾಂಗ್ರೆಸ್’ ಎಂದು ಬರೆದರೆ ಓದುಗರು ಮೂರನೆಯ ಕಾಂಗ್ರೆಸನ್ನು ನೆನೆಯುತ್ತಾರೆ. ಮೊದಲನೆಯದಕ್ಕೆ ಪಕ್ಷದ ಮಹಾಧಿವೇಶನ, ಎರಡನೆಯದಕ್ಕೆ ಜನಪ್ರತಿನಿಧಿ ಸಭೆ ಎಂದು ಬರೆದರೆ ಗೊಂದಲ ತಪ್ಪುತ್ತದೆ. ಇನ್ನೊಂದು ‘ಕೇಡರ್’. ನಮ್ಮಲ್ಲಿ ಬೂತ್ ಮಟ್ಟದಲ್ಲಿ ದುಡಿಯುವ ಕಾರ್ಯಕರ್ತ; ಅಲ್ಲಿಯ ‘ಗಾನ್‌ಬು’ ಸಂಬಳ, ದರ್ಜೆ, ಪಿಂಚಣಿ ಇರುವ ಅಧಿಕಾರಿ. ‘ಕಾರ್ಯಕರ್ತ’ ಎಂದು ಅನುವಾದಿಸಿದ ಕೂಡಲೇ ಇಡೀ ವಾಕ್ಯದ ಅರ್ಥ ಕೆಡುತ್ತದೆ.

ದಾಖಲೆ ಓದುವ ವಿದ್ಯೆಗೆ ಒಂದೇ ದಾಖಲೆ ಸಾಕು, ಸರಿಯಾಗಿ ಓದಿದರೆ. 1957ರ ಫೆಬ್ರುವರಿ 27ರಂದು ಮಾವೊ ‘ಜನರ ನಡುವಿನ ವೈರುಧ್ಯಗಳ’ ಬಗ್ಗೆ ದೊಡ್ಡ ಭಾಷಣ ಮಾಡಿದರು. ಟೀಕೆಗೆ ಹೆದರಬೇಡಿ ಎಂಬ ದನಿ ಅದರಲ್ಲಿತ್ತು. ಆ ವಸಂತದಲ್ಲಿ ಪ್ರಾಧ್ಯಾಪಕರು, ಪತ್ರಕರ್ತರು, ಸಣ್ಣ ಪಕ್ಷಗಳವರು ಬಾಯಿ ಬಿಟ್ಟರು. ಜೂನ್ 8ಕ್ಕೆ ಪಕ್ಷದ ಪತ್ರಿಕೆ ‘ಪೀಪಲ್ಸ್ ಡೈಲಿ’ ಅವರ ಮೇಲೆ ತಿರುಗಿಬಿತ್ತು. ಜೂನ್ 19ಕ್ಕೆ ಆ ಭಾಷಣ ಮೊದಲ ಸಲ ಅಚ್ಚಾಯಿತು, ತಿದ್ದಿದ ರೂಪದಲ್ಲಿ. ಯಾವ ಮಾತು ಪರಿಮಳದ ಹೂ, ಯಾವ ಮಾತು ವಿಷದ ಕಳೆ ಎಂದು ಗುರುತಿಸುವ ಆರು ಮಾನದಂಡಗಳು ಅದರಲ್ಲಿ ಹೊಸದಾಗಿ ಸೇರಿದ್ದವು. ಪಕ್ಷದ ನಾಯಕತ್ವವನ್ನು ಬಲಪಡಿಸುತ್ತದೆಯೇ ಎಂಬುದು ಅವುಗಳಲ್ಲಿ ಮುಖ್ಯ. ವಸಂತದಲ್ಲಿ ಆಡಿದ ಮಾತಿಗೆ ಜೂನ್‌ನಲ್ಲಿ ನಿಯಮ ಬಂತು. ಐದೂವರೆ ಲಕ್ಷ ಜನಕ್ಕೆ ‘ಬಲಪಂಥೀಯ’ ಎಂಬ ಹಣೆಪಟ್ಟಿ ಬಿತ್ತು, ಹೆಚ್ಚಿನವರಿಗೆ ಅದು ಕಳಚಿದ್ದು ಎರಡು ದಶಕದ ಮೇಲೆ. ಅಚ್ಚಾದ ಪಠ್ಯವನ್ನು ಮಾತ್ರ ಓದಿದ ವಿದ್ಯಾರ್ಥಿ ‘ಮಾವೊ ಮೊದಲೇ ಎಚ್ಚರಿಸಿದ್ದರಲ್ಲ’ ಎಂದು ಬರೆಯುತ್ತಾನೆ. ಭಾಷಣದ ದಿನಾಂಕ, ಅಚ್ಚಿನ ದಿನಾಂಕ ಎರಡನ್ನೂ ಅಂಚಿನಲ್ಲಿ ಬರೆಸಿ. ಅಷ್ಟರಿಂದಲೇ ಕಣ್ಣು ತೆರೆಯುತ್ತದೆ. ಮಾವೊ ಬರಹಗಳ ಸಂಪುಟಗಳಿಗೆಲ್ಲ ಈ ಎಚ್ಚರ ಬೇಕು, ಅವು ತಿದ್ದಿ ಪ್ರಕಟಿಸಿದವು.

1981ರ ಜೂನ್‌ನಲ್ಲಿ ಪಕ್ಷ ತನ್ನ ಇತಿಹಾಸದ ಬಗ್ಗೆ ನಿರ್ಣಯ ಹೊರಡಿಸಿತು. ‘ಮಾವೊ ಶೇ 70 ಸರಿ, ಶೇ 30 ತಪ್ಪು ಎಂದು ಆ ನಿರ್ಣಯ ಹೇಳಿತು’ ಎಂಬುದು ಗೈಡುಗಳ ಅಚ್ಚುಮೆಚ್ಚಿನ ಸಾಲು. ನಿರ್ಣಯದಲ್ಲಿ ಆ ಶೇಕಡಾವಾರು ಇಲ್ಲ. ಕೊಡುಗೆ ಮೊದಲು, ತಪ್ಪು ಆಮೇಲೆ ಎಂದಷ್ಟೇ ಇದೆ. ‘ಬೆಕ್ಕಿನ ಬಣ್ಣ ಯಾವುದಾದರೇನು, ಇಲಿ ಹಿಡಿದರೆ ಸಾಕು’ ಎಂಬ ಡೆಂಗ್ ಅವರ ಮಾತನ್ನೂ 1978ರ ಸುಧಾರಣೆಗೆ ಅಂಟಿಸುತ್ತಾರೆ. ಅವರು ಅದನ್ನು ಆಡಿದ್ದು 1962ರ ಜುಲೈನಲ್ಲಿ, ಕ್ಷಾಮದ ನಂತರ ಹೊಲವನ್ನು ಕುಟುಂಬಗಳಿಗೆ ವಹಿಸುವ ಬಗ್ಗೆ ಮಾತಾಡುವಾಗ. ಸಿಚುವಾನ್ ಕಡೆಯ ಗಾದೆಯಲ್ಲಿ ಇದ್ದದ್ದು ಹಳದಿ ಬೆಕ್ಕು, ಕರಿ ಬೆಕ್ಕು. ದಿನಾಂಕ ತಪ್ಪಿದರೆ ಅರ್ಥವೂ ತಪ್ಪುತ್ತದೆ: 1962ರಲ್ಲಿ ಅದು ಅಪಾಯದ ಮಾತು, ಮುಂದೆ 1966–76ರ ಸಾಂಸ್ಕೃತಿಕ ಕ್ರಾಂತಿಯಲ್ಲಿ ಅವರ ಮೇಲಿನ ಆರೋಪವೂ ಆಯಿತು. ಇನ್ನು ‘ಚೀನೀ ಭಾಷೆಯಲ್ಲಿ ಬಿಕ್ಕಟ್ಟು ಎಂದರೆ ಅಪಾಯ ಮತ್ತು ಅವಕಾಶ’ ಎಂದು ಪ್ರೇರಣಾ ಭಾಷಣಕಾರರು ಹೇಳುವುದಿದೆಯಲ್ಲ, ಆ ಎರಡನೇ ಅಕ್ಷರಕ್ಕೆ ಅಲ್ಲಿ ಇರುವುದು ‘ತಿರುವಿನ ಗಳಿಗೆ’ ಎಂಬ ಅರ್ಥ. ಅವಕಾಶ ಎಂಬ ಪದ ಕಟ್ಟಲು ಇನ್ನೊಂದು ಅಕ್ಷರ ಬೇಕು.

ಮಹಾಧಿವೇಶನದ ವರದಿಗಳನ್ನು ಓದಲು ಬೇಸರ ಎನ್ನುವವರಿಗೆ ಒಂದು ಉಪಾಯ. ಪೂರ್ತಿ ಓದಬೇಡಿ, ಒಂದು ಪದಗುಚ್ಛವನ್ನು ಹಿಡಿದು ಹಿಂದಿನ ವರದಿಗಳಲ್ಲಿ ಹುಡುಕಿ. 1982ರಲ್ಲಿ ಡೆಂಗ್ ಅವರ ಉದ್ಘಾಟನಾ ಭಾಷಣದಲ್ಲಿ ‘ಚೀನೀ ಗುಣವುಳ್ಳ ಸಮಾಜವಾದ’ ಮುನ್ನೆಲೆಗೆ ಬಂತು, 1987ರಲ್ಲಿ ‘ಸಮಾಜವಾದದ ಪ್ರಾಥಮಿಕ ಹಂತ’, 1992ರಲ್ಲಿ ‘ಸಮಾಜವಾದಿ ಮಾರುಕಟ್ಟೆ ಆರ್ಥಿಕತೆ’. ಮಾರುಕಟ್ಟೆಯ ಪಾತ್ರ ‘ಮೂಲಭೂತ’ ಎಂದಿದ್ದದ್ದು 2013ರ ಕೇಂದ್ರ ಸಮಿತಿ ಸಭೆಯಲ್ಲಿ ‘ನಿರ್ಣಾಯಕ’ ಆಯಿತು. ಒಂದು ವಿಶೇಷಣ ಬದಲಾಗಲು ವರ್ಷಗಟ್ಟಲೆ ಜಗ್ಗಾಟ ನಡೆದಿರುತ್ತದೆ. ಯಾವ ಪದ ಬಂತು ಎಂಬುದರಷ್ಟೇ ಯಾವುದು ಸದ್ದಿಲ್ಲದೆ ಬಿದ್ದುಹೋಯಿತು ಎಂಬುದೂ ಮುಖ್ಯ.

ಭಾರತದ ನಂಟು ಎಲ್ಲಿದೆಯೋ ಅಲ್ಲಿ ಅದನ್ನು ಬಿಡಬಾರದು, ಆದರೆ 1962ರಿಂದ ಶುರು ಮಾಡಬಾರದು. ಅಫೀಮು ಯುದ್ಧದಿಂದ ಶುರು ಮಾಡಿ. 1839ರಲ್ಲಿ ಚೀನೀ ಅಧಿಕಾರಿ ಲಿನ್ ಜೆಶು ಹುಮೆನ್‌ನಲ್ಲಿ ನಾಶ ಮಾಡಿಸಿದ 20,000ಕ್ಕೂ ಹೆಚ್ಚು ಪೆಟ್ಟಿಗೆಗಳ ಸರಕು ಬಹುಪಾಲು ನಮ್ಮ ನೆಲದ್ದು: ಬಿಹಾರ-ಬನಾರಸ್ ಕಡೆಯದು ಕಲ್ಕತ್ತೆಯಲ್ಲಿ ಕಂಪನಿಯ ಹರಾಜಿನಿಂದ, ಮಾಳವದ್ದು ಬೊಂಬಾಯಿಯಿಂದ ಹೊರಟಿತ್ತು. 1841ರಲ್ಲಿ ಗುವಾಂಗ್‌ಜೌ ಹೊರವಲಯದ ಸಾನ್‌ಯುವಾನ್‌ಲಿಯಲ್ಲಿ ಹಳ್ಳಿಗರು ಸುತ್ತುಗಟ್ಟಿದ ಬ್ರಿಟಿಷ್ ಪಡೆಯಲ್ಲಿ 37ನೇ ಮದ್ರಾಸ್ ದೇಶೀ ಪದಾತಿ ದಳದ ಸಿಪಾಯಿಗಳಿದ್ದರು. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಬ್ರಿಟನ್ನಿಗೆ ಹೋಯಿತು, ಐದು ಬಂದರುಗಳು ತೆರೆದವು, 2.1 ಕೋಟಿ ಬೆಳ್ಳಿ ಡಾಲರ್ ದಂಡ ಬಿತ್ತು. 1938ರಲ್ಲಿ ಚೀನಾಕ್ಕೆ ಹೋದ ಐವರು ವೈದ್ಯರ ಭಾರತೀಯ ತಂಡದ ದ್ವಾರಕಾನಾಥ ಕೋಟ್ನಿಸ್ ಸೊಲ್ಲಾಪುರದವರು, ನಮ್ಮ ಗಡಿಯಾಚೆಯ ಊರಿನವರು. 1942ರಲ್ಲಿ ಅಲ್ಲೇ ತೀರಿಕೊಂಡರು. 1962ಕ್ಕೆ ಬರುವ ಹೊತ್ತಿಗೆ ಚೀನಾದ ಒಳಗಿನ ಆ ವರ್ಷವನ್ನು ಮೊದಲು ಓದಿಸಿ: ಜನವರಿಯಲ್ಲಿ ಏಳು ಸಾವಿರ ಅಧಿಕಾರಿಗಳ ಸಭೆ, ಅಲ್ಲಿ ಕ್ಷಾಮದ ಹೊಣೆಯ ಮಾತು, ಮಾವೊ ಹಿಂದೆ ಸರಿದದ್ದು, ಸೆಪ್ಟೆಂಬರಿನಲ್ಲಿ ‘ವರ್ಗ ಸಂಘರ್ಷ ಮರೆಯಬೇಡಿ’ ಎಂದು ಮರಳಿದ್ದು, ಅಕ್ಟೋಬರ್ 20ಕ್ಕೆ ಗಡಿಯಲ್ಲಿ ದಾಳಿ. ಗಡಿರೇಖೆಯ ವಿವಾದ ಇದರಿಂದ ಮಾಯವಾಗುವುದಿಲ್ಲ. ಆದರೆ ಒಂದೇ ಕಾರಣದ ಉತ್ತರ ಬರೆಯುವುದು ನಿಲ್ಲುತ್ತದೆ.

ಟಿಬೆಟ್ ವಿಷಯದಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಬೇರೆ ಹೆಚ್ಚಿನ ಕಡೆ ಸಿಗದ ಸೌಕರ್ಯವಿದೆ. ಬೈಲುಕುಪ್ಪೆಯ ನೆಲೆ 1960–61ರದು, ಮುಂಡಗೋಡಿನದು ಅದಾದ ಕೆಲವೇ ವರ್ಷಕ್ಕೆ. ಅಲ್ಲಿಯ ಹಿರಿಯರ ನೆನಪುಗಳನ್ನು ಕೇಳಿ ಬರೆದುಕೊಳ್ಳಲಿ. ಪಕ್ಕದಲ್ಲಿ ಚೀನಾ ಸರ್ಕಾರಕ್ಕೂ ಟಿಬೆಟ್‌ಗೂ ಆದ 1951ರ ಮೇ 23ರ ಹದಿನೇಳು ಅಂಶಗಳ ಒಪ್ಪಂದದ ಪಠ್ಯ ಇಟ್ಟುಕೊಳ್ಳಲಿ. ಹೇಳಿದವರ ಊರು, 1959ರ ಟಿಬೆಟ್ ಬಂಡಾಯದ ಹೊತ್ತಿಗೆ ಅವರ ವಯಸ್ಸು, ಕಂಡದ್ದೋ ಕೇಳಿದ್ದೋ ಎಂಬ ಮೂರು ಕಾಲಂ ಇಲ್ಲದ ಟಿಪ್ಪಣಿ ಉಪಯೋಗಕ್ಕೆ ಬಾರದು.

ಸಂಸ್ಕೃತಿ ಎಂದ ಕೂಡಲೇ ಡ್ರ್ಯಾಗನ್, ನೂಡಲ್ಸ್ ತೋರಿಸುವುದನ್ನು ಬಿಟ್ಟು ಮನೆಯೊಳಗಿಂದ ಶುರು ಮಾಡಬಹುದು. ಗೆಗೆ ಅಣ್ಣ, ದೀದಿ ತಮ್ಮ (ಹಿಂದಿಯ ದೀದಿ ಅಲ್ಲ!), ಜಿಯೇಜಿಯೇ ಅಕ್ಕ, ಮೇಯ್‌ಮೇಯ್ ತಂಗಿ, ಬೋಬೋ ದೊಡ್ಡಪ್ಪ, ಷೂಷೂ ಚಿಕ್ಕಪ್ಪ, ಜಿಯುಜಿಯು ಸೋದರಮಾವ. ಎಲ್ಲರನ್ನೂ ‘ಅಂಕಲ್’ ಮಾಡುವ ಇಂಗ್ಲಿಷ್ ಅನುವಾದ ಕಳೆದುಕೊಳ್ಳುವುದನ್ನು ಕನ್ನಡ ಹಾಗೇ ಹಿಡಿಯುತ್ತದೆ. ಸಾಮ್ಯ ಅಲ್ಲಿಗೇ ನಿಲ್ಲುತ್ತದೆ, ಅದನ್ನೂ ಹೇಳಬೇಕು: ಸೋದರಮಾವನ ಮಗಳನ್ನು ತರುವ ನಮ್ಮ ಸೋದರಿಕೆಯನ್ನು ಚೀನಾದ 1980ರ ವಿವಾಹ ಕಾನೂನು ನಿಷೇಧಿಸಿತು. ಹುಕೋವು ಅಂದರೆ ಹುಟ್ಟಿದ ಊರಿಗೆ ಕಟ್ಟಿಹಾಕುವ ಕುಟುಂಬ ನೋಂದಣಿ. 1958ರ ಆ ನಿಯಮ ಅರ್ಥವಾಗದೆ ಇವತ್ತಿನ ಸುಮಾರು 30 ಕೋಟಿ ವಲಸೆ ಕಾರ್ಮಿಕರ ಮಕ್ಕಳು ನಗರದ ಶಾಲೆಗಳಲ್ಲಿ ಯಾಕೆ ಪರದಾಡುತ್ತಾರೆ ಎಂಬುದು ತಿಳಿಯದು. 1905ರಲ್ಲಿ ರಾಜಾಡಳಿತದ ಅಧಿಕಾರಿಗಳನ್ನು ಆರಿಸುವ ಪರೀಕ್ಷೆ ರದ್ದಾದದ್ದು, 1977ರ ಡಿಸೆಂಬರಿನಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಮತ್ತೆ ಶುರುವಾಗಿ ಸುಮಾರು 57 ಲಕ್ಷ ಜನ ಬರೆದು ಮೂರು ಲಕ್ಷಕ್ಕೂ ಕಡಿಮೆ ಜನಕ್ಕೆ ಸೀಟು ಸಿಕ್ಕದ್ದು, ಇವೆರಡನ್ನೂ ಒಂದೇ ದಾರದಲ್ಲಿ ಪೋಣಿಸಿ ಓದಬಹುದು. ಸಿಇಟಿ ಬರೆದು ಬಂದವರಿಗೆ ಹೆಚ್ಚು ವಿವರಣೆ ಬೇಡ.

ಸಮಯ ಎಲ್ಲಿದೆ ಎಂದು ಕೇಳುವವರಿಗೆ: ವಾರಕ್ಕೆ 4 ಗಂಟೆಯಂತೆ 16 ವಾರ ಎಂದರೆ 64 ಗಂಟೆ. ಹೆಸರು, ಉಚ್ಚಾರ, ನಕ್ಷೆ, ಅಳತೆಗೆ 4. 1839ರಿಂದ 1911ಕ್ಕೆ 10, ಅಲ್ಲಿಂದ 1949ಕ್ಕೆ 12. ಮಾವೊ ಕಾಲಕ್ಕೆ 14, ಏಕೆಂದರೆ ಅಂಕಿ ಮತ್ತು ದಾಖಲೆ ಅಭ್ಯಾಸ ಅಲ್ಲೇ ಬರುತ್ತದೆ. 1978ರ ನಂತರಕ್ಕೆ 12, ಪಕ್ಷ-ಸರ್ಕಾರದ ರಚನೆಗೆ 8, ಸಮಾಜ-ಸಂಸ್ಕೃತಿಗೆ 4. ಹಲವು ಕಡೆ ಪಠ್ಯ 1949ಕ್ಕೇ ನಿಲ್ಲುತ್ತದೆ. ನಿಂತರೆ ಮೇಲೆ ಹೇಳಿದ್ದರಲ್ಲಿ ಅರ್ಧ ವ್ಯರ್ಥ. ಮೊದಲ ಭಾಗದ ರಾಜವಂಶದ ಒಳಜಗಳ ಕತ್ತರಿಸಿ ಗಂಟೆ ಉಳಿಸಬಹುದು.

ಭಾಷೆ ಕಲಿಸುವುದು ಈ 64 ಗಂಟೆಯ ಕೆಲಸವಲ್ಲ. ಪತ್ರಿಕೆ ಓದಲು ಎರಡೂವರೆ-ಮೂರು ಸಾವಿರ ಅಕ್ಷರ ಬೇಕು. ಆದರೆ ಪಕ್ಷ, ದೇಶ, ಸೇನೆ, ಜನ, ವರ್ಷ, ತಿಂಗಳು, ಒಂದರಿಂದ ಹತ್ತು, ವಾನ್, ಯಿ, ಹೀಗೆ ಮೂವತ್ತು ಅಕ್ಷರಗಳನ್ನು ಕಣ್ಣಿಗೆ ಗುರುತು ಮಾಡಿಸಿದರೆ ಯಂತ್ರಾನುವಾದ ಎಲ್ಲಿ ತಪ್ಪಿತು ಎಂದು ಹಿಡಿಯಲು ಸಾಕು. ಸೊನ್ನೆ ಜಾರಿದ್ದು ಮೊದಲು ಸಿಗುತ್ತದೆ, ‘ಕೇಡರ್’ ಆಮೇಲೆ ಸಿಗುತ್ತದೆ. 1956ರಲ್ಲಿ ಅಕ್ಷರಗಳನ್ನು ಸರಳಗೊಳಿಸಿದರು. ಅದಕ್ಕೂ ಹಿಂದಿನ ದಾಖಲೆ ಮತ್ತು ತೈವಾನಿನ ಬರಹ ಹಳೆಯ ರೂಪದಲ್ಲಿರುತ್ತವೆ ಎಂಬುದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಕಲಿತ ಮೂವತ್ತರಲ್ಲಿ ದೇಶ, ಪಕ್ಷ, ಸೇನೆ ಮೂರನ್ನೂ ಹುಡುಕಿ ಸೋಲುತ್ತಾರೆ. ಮುಂದೆ ಓದುವವರಿಗೆ ಶಾಂತಿನಿಕೇತನದಲ್ಲಿ 1937ರಿಂದ ಚೀನಾ ಭವನವಿದೆ, ದೆಹಲಿಯಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವೂ ದೆಹಲಿ ವಿಶ್ವವಿದ್ಯಾಲಯದ ಪೂರ್ವ ಏಷ್ಯಾ ವಿಭಾಗವೂ ಇವೆ.

ನಿಮ್ಮಿಂದ ಕೋರುವುದು ಮೂರೇ: ಶೀರ್ಷಿಕೆಯಲ್ಲಿ ‘ಶಿ’, ಮಾರ್ಚ್‌ನ ಸಭೆಗೆ ‘ಜನಪ್ರತಿನಿಧಿ ಸಭೆ’, ಮತ್ತು ಚೀನಾದ ಅಂಕಿ ಬಂದಾಗ ಬಿಲಿಯನ್ ದಾರಿ ಹಿಡಿಯದೆ ನೇರವಾಗಿ ಕೋಟಿ. ಉಪಸಂಪಾದಕರ ಮೇಜಿನ ಮೇಲೆ ಒಂದು ಚೀಟಿ ಅಂಟಿಸಿದರೆ ಸಾಕು: ಒಂದು ಯಿ, ಹತ್ತು ಕೋಟಿ.

ಇಂತಿ,
ಇತಿಹಾಸ ಮತ್ತು ರಾಜ್ಯಶಾಸ್ತ್ರದ ಇಬ್ಬರು ಅಧ್ಯಾಪಕರು
ಧಾರವಾಡ